ಕಾಪಿ ಮಾಡಿದ್ದು ಎಲ್ಲಿ ಹೋಗುತ್ತದೆ?

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಕಡೆ ‘ಕಾಪಿ’ ಎಂಬ ಮಾತಿಗೆ ಎರಡು ಅರ್ಥ. ಮನೆಯಲ್ಲಿ ಅಜ್ಜಿ ‘ಕಾಪಿ ಕುಡಿ’ ಎಂದರೆ ಅದು ಲೋಟದಲ್ಲಿರುವುದು. ಈ ಶಾಲೆಯಲ್ಲಿ ಮೇಷ್ಟ್ರು ‘ಕಾಪಿ’ ಎಂದರೆ ಕೈ ಚಾಚಬೇಕು, ಬೆತ್ತ ಬೀಳುತ್ತಿತ್ತು. ಬಿ.ಇ. ಓದಿ ಬೆಂಗಳೂರಿಗೆ ಹೋದ ಮೇಲೆ ನನಗೆ ಮೂರನೆಯ ಅರ್ಥ ಸಿಕ್ಕಿತು. ಈಗ ದಿನಕ್ಕೆ ನೂರು ಸಲ ಕಾಪಿ ಮಾಡುತ್ತೇನೆ. ಯಾರೂ ಹೊಡೆಯುವುದಿಲ್ಲ, ತಿಂಗಳಿಗೆ ಸಂಬಳವನ್ನೂ ಕೊಡುತ್ತಾರೆ.

ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡು ಎಂದು ಕೆಲವರು ಸೂಚಿಸಿದ್ದರು. ಅದನ್ನು ಹೇಳಲು ಬೇರೆಯವರಿದ್ದಾರೆ. ನಾನು ಇವತ್ತು ಹೇಳಹೊರಟಿರುವುದು ಬಹಳ ಸಣ್ಣ ವಿಷಯ. ಕಂಪ್ಯೂಟರಿನಲ್ಲಿ ನಾವು ಕಾಪಿ ಮಾಡಿದ್ದು ಎಲ್ಲಿ ಹೋಗಿ ಕೂರುತ್ತದೆ, ಅದನ್ನು ಹೇಗೆ ಉಳಿಸಿಕೊಳ್ಳಬೇಕು, ಹೇಗೆ ಅಳಿಸಬೇಕು ಎಂಬುದು. ಈ ಸಣ್ಣ ವಿಷಯ ತಿಳಿಯದೆ ನಾನು ಒಂದು ತಪ್ಪು ಮಾಡಿದ್ದೇನೆ. ಅದನ್ನೂ ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ಸ್ವಲ್ಪ ಚರಿತ್ರೆ. ಹಿಂದೆ ಪತ್ರಿಕಾ ಕಚೇರಿಗಳಲ್ಲಿ ಒಂದು ವಾಕ್ಯವನ್ನು ಮೇಲಿನಿಂದ ಕೆಳಕ್ಕೆ ಒಯ್ಯಬೇಕಾದರೆ ಕಾಗದವನ್ನು ಕತ್ತರಿಯಲ್ಲಿ ಕತ್ತರಿಸಿ ಗೋಂದು ಹಚ್ಚಿ ಅಂಟಿಸುತ್ತಿದ್ದರು. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ, ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬ ಇಬ್ಬರು ‘ಜಿಪ್ಸಿ’ ಎಂಬ ತಂತ್ರಾಂಶ ಬರೆದರು. ಕತ್ತರಿ ಗೋಂದಿನ ಆ ಕೆಲಸವನ್ನು ಪರದೆಯ ಮೇಲೆ ತಂದವರು ಅವರು. ಕಟ್, ಕಾಪಿ, ಪೇಸ್ಟ್ ಎಂಬ ಮಾತುಗಳು ಅಲ್ಲಿಂದ ಬಂದವು. ಅಂದರೆ ಕಾಪಿ-ಪೇಸ್ಟ್‌ಗೆ ಹೆಚ್ಚುಕಡಿಮೆ ನಮ್ಮ ಶಾಲೆಯ ವಯಸ್ಸೇ! ಟೆಸ್ಲರ್ 2020ರಲ್ಲಿ ತೀರಿಕೊಂಡರು.

ಕಾಪಿ ಮಾಡಿದ್ದು ಕಂಪ್ಯೂಟರಿನಲ್ಲಿ ಹೋಗಿ ಕೂರುವ ಜಾಗಕ್ಕೆ ಕ್ಲಿಪ್‌ಬೋರ್ಡ್ ಎಂದು ಹೆಸರು. ಅದು ಹೇಗಿದೆ ಎಂದು ತಿಳಿಯಲು ನಿಮ್ಮ ತರಗತಿಯ ಕರಿಹಲಗೆಯನ್ನೇ ನೋಡಿ. ಹಲಗೆ ಇರುವುದು ಒಂದೇ. ಗಣಿತದ ಮೇಷ್ಟ್ರು ಬರೆದು ಹೋದದ್ದನ್ನು ಮುಂದಿನ ಪೀರಿಯಡ್ಡಿಗೆ ಬಂದ ವಿಜ್ಞಾನದ ಟೀಚರ್ ಒರೆಸಿ ತಮ್ಮ ಪಾಠ ಬರೆಯುತ್ತಾರೆ. ಕ್ಲಿಪ್‌ಬೋರ್ಡೂ ಹಾಗೆಯೇ. ಹೊಸದನ್ನು ಕಾಪಿ ಮಾಡಿದ ಕ್ಷಣ ಹಳೆಯದು ಮಾಯ. ಗಂಟೆಗಟ್ಟಲೆ ಟೈಪ್ ಮಾಡಿದ್ದನ್ನು ಕಟ್ ಮಾಡಿ, ಪೇಸ್ಟ್ ಮಾಡುವ ಮೊದಲು ಇನ್ನೇನೋ ಕಾಪಿ ಮಾಡಿ ತಲೆ ಚಚ್ಚಿಕೊಂಡವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರೋ!

ತರಗತಿಯಲ್ಲಿ ಹಲಗೆ ಒರೆಸಿದರೂ ನಷ್ಟವಾಗದಿರುವುದಕ್ಕೆ ಕಾರಣ, ಮುಂದಿನ ಬೆಂಚಿನಲ್ಲಿ ಕೂತ ಒಬ್ಬಳು ಹುಡುಗಿ ಎಲ್ಲವನ್ನೂ ನೋಟ್ ಪುಸ್ತಕಕ್ಕೆ ಇಳಿಸಿಕೊಂಡಿರುತ್ತಾಳೆ. ಪರೀಕ್ಷೆಯ ಹಿಂದಿನ ದಿನ ನಾವೆಲ್ಲ ಅವಳ ಮನೆಯ ಮುಂದೆ ನಿಲ್ಲುತ್ತಿದ್ದೆವು. ಕ್ಲಿಪ್‌ಬೋರ್ಡ್ ಮ್ಯಾನೇಜರ್ ಎಂಬ ತಂತ್ರಾಂಶ ಮಾಡುವುದು ಆ ಹುಡುಗಿಯ ಕೆಲಸ. ನೀವು ಕಾಪಿ ಮಾಡಿದ್ದನ್ನೆಲ್ಲ ಸಾಲಾಗಿ ಬರೆದಿಟ್ಟುಕೊಂಡು, ಕೇಳಿದಾಗ ತೋರಿಸುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. 2019ರ ಆಗಸ್ಟ್ ತಿಂಗಳ ಮಳೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗಿತ್ತು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತ್ತು. ಮೂಡಿಗೆರೆ ತಾಲ್ಲೂಕಿನಲ್ಲಿ ತೋಟಗಳೇ ಜರಿದು ಹೋಗಿದ್ದವು. ಬೆಂಗಳೂರಿನಲ್ಲಿದ್ದ ನಾವು ಕೆಲವು ಹಳೆ ವಿದ್ಯಾರ್ಥಿಗಳು ಏನಾದರೂ ಮಾಡಬೇಕೆಂದು ಒಂದು ಪಟ್ಟಿ ಮಾಡತೊಡಗಿದೆವು. ಯಾವ ಮನೆ, ಎಷ್ಟು ಜನ, ಏನು ಬೇಕು, ಯಾರಿಗೆ ಫೋನ್ ಮಾಡಬೇಕು. ಊರಿನ ಹುಡುಗರು ಆ ಪಟ್ಟಿ ಹಿಡಿದು ಅಕ್ಕಿ, ಔಷಧಿ ಹೊತ್ತು ನಡೆದೇ ಹೋಗುತ್ತಿದ್ದರು. ವಾಟ್ಸಾಪಿಗೆ ಬಂದ ಸಂದೇಶಗಳಿಂದ ಹೆಸರು, ನಂಬರು ಕಾಪಿ ಮಾಡಿ ಪಟ್ಟಿಗೆ ಹಾಕುವುದು ನನ್ನ ಪಾಲಿನ ಕೆಲಸ.

ಒಂದು ಮನೆಯಲ್ಲಿ ಅಜ್ಜಿಯೊಬ್ಬರ ಇನ್ಸುಲಿನ್ ಮುಗಿದಿತ್ತು. ಅವರ ನಂಬರನ್ನು ಕಾಪಿ ಮಾಡಲು ಕಂಟ್ರೋಲ್ ಸಿ ಒತ್ತಿದೆ. ಒತ್ತಿದೆ ಎಂದುಕೊಂಡೆ. ಬೆರಳು ಸರಿಯಾಗಿ ಬಿದ್ದಿರಲಿಲ್ಲ. ಪೇಸ್ಟ್ ಮಾಡಿದಾಗ ಹತ್ತು ಅಂಕಿಯ ನಂಬರು ಬಂದು ಕೂತಿತು. ಸರಿಯಿದೆ ಎಂದು ಮುಂದಿನ ಸಾಲಿಗೆ ಹೋದೆ. ಆದರೆ ಅದು ಹಿಂದಿನ ಮನೆಯ ನಂಬರು. ಹುಡುಗರು ಫೋನ್ ಮಾಡಿದರು. ಆ ಕಡೆಯವರು, ‘ನಮಗೇನೂ ತೊಂದರೆ ಇಲ್ಲ ಮಾರಾಯ, ಬೇರೆಯವರಿಗೆ ಕೊಡಿ’ ಎಂದರು. ಹುಡುಗರು ಅಜ್ಜಿಯ ಸಾಲಿಗೆ ‘ಬೇಡವಂತೆ’ ಎಂದು ಗುರುತು ಹಾಕಿಕೊಂಡರು.

ಮಾರನೆಯ ದಿನ ಒಂದೇ ನಂಬರು ಎರಡು ಕಡೆ ಇದೆಯೆಂದು ಗೆಳೆಯನೊಬ್ಬ ಕಂಡುಹಿಡಿದ. ಔಷಧಿ ತಲುಪುವಾಗ ಒಂದೂವರೆ ದಿನ ತಡವಾಗಿತ್ತು. ಅಜ್ಜಿ ಉಳಿದರು. ನಾನು ಕ್ಷಮೆ ಕೇಳಲು ಫೋನ್ ಮಾಡಿದಾಗ ಅವರ ಮೊಮ್ಮಗ ಬೈಯಲಿಲ್ಲ. ‘ಇಲ್ಲಣ್ಣ, ನೆಟ್‌ವರ್ಕ್ ಸಿಗುವಲ್ಲಿಗೆ ಗುಡ್ಡ ಹತ್ತಿ, ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ’ ಎಂದ, ಅಷ್ಟೇ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಆ ಸಂಜೆ ಕೂತು ಯೋಚಿಸಿದೆ. ಕಾಪಿ ಆಗದಿದ್ದರೆ ಕಂಪ್ಯೂಟರ್ ‘ಆಗಲಿಲ್ಲ’ ಎಂದು ಹೇಳುವುದಿಲ್ಲ. ಪೇಸ್ಟ್ ಎಂದರೆ ತನ್ನಲ್ಲಿ ಇರುವುದನ್ನು ಕೊಟ್ಟುಬಿಡುತ್ತದೆ. ನಾವು ನೋಡದೆ ನಂಬುತ್ತೇವೆ. ಕಾಪಿ ಮಾಡಿದ್ದೆಲ್ಲ ಕಣ್ಣೆದುರು ಪಟ್ಟಿಯಾಗಿ ಕಾಣುತ್ತಿದ್ದರೆ, ಅಜ್ಜಿಯ ನಂಬರು ಅದರಲ್ಲಿ ಇಲ್ಲದ್ದು ಗೊತ್ತಾಗುತ್ತಿತ್ತು. ವಿಚಿತ್ರವೆಂದರೆ ಆ ಸೌಲಭ್ಯ ನನ್ನ ಕಂಪ್ಯೂಟರಿನಲ್ಲಿ ಆಗಲೇ ಇತ್ತು. ವಿಂಡೋಸ್ 10ಕ್ಕೆ 2018ರ ಕೊನೆಯಲ್ಲೇ ಅದನ್ನು ಸೇರಿಸಿದ್ದರು. ನಾನು ಆನ್ ಮಾಡಿರಲಿಲ್ಲ. ಸಾಫ್ಟ್‌ವೇರ್ ಇಂಜಿನಿಯರ್ ಎಂಬ ಬೋರ್ಡು ಕುತ್ತಿಗೆಗೆ ಹಾಕಿಕೊಂಡು ಓಡಾಡುವವನು ನಾನು.

ಮಕ್ಕಳೇ, ಅದನ್ನು ಹೀಗೆ ಆನ್ ಮಾಡಿ. ಕೀಲಿಮಣೆಯಲ್ಲಿ ಕಿಟಕಿಯ ಚಿತ್ರ ಇರುವ ಕೀ ಮತ್ತು ‘ವಿ’ ಅಕ್ಷರ, ಎರಡನ್ನೂ ಒಟ್ಟಿಗೆ ಒತ್ತಿ. ಆನ್ ಮಾಡಲೇ ಎಂದು ಕೇಳುತ್ತದೆ, ಹೂಂ ಎನ್ನಿ. ಅಲ್ಲಿಂದ ಮುಂದೆ ನೀವು ಕಾಪಿ ಮಾಡಿದ 25 ತುಣುಕುಗಳವರೆಗೆ ನೆನಪಿಟ್ಟುಕೊಳ್ಳುತ್ತದೆ. ಬೇಕಾದ್ದರ ಮೇಲೆ ಒತ್ತಿದರೆ ಅದೇ ಪೇಸ್ಟ್ ಆಗುತ್ತದೆ. ಕಂಪ್ಯೂಟರ್ ಆರಿಸಿ ಹಚ್ಚಿದರೆ ಪಟ್ಟಿ ಅಳಿಯುತ್ತದೆ, ಪಿನ್ ಚುಚ್ಚಿ ಇಟ್ಟದ್ದು ಮಾತ್ರ ಉಳಿಯುತ್ತದೆ. ಮನೆಯ ವಿಳಾಸ, ಪದೇಪದೇ ಬರೆಯುವ ಒಕ್ಕಣೆ ಇಂಥವನ್ನು ಪಿನ್ ಮಾಡಿಕೊಳ್ಳಬಹುದು.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಕರೆಂಟ್ ಹೋಗಿ ಬಂದರೂ ಪಟ್ಟಿ ಉಳಿಯಬೇಕು ಎನ್ನುವವರಿಗೆ ‘ಡಿಟ್ಟೊ’ ಎಂಬ ತಂತ್ರಾಂಶ ವಿಂಡೋಸಿಗೆ ಇದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುವ ‘ಕಾಪಿಕ್ಯೂ’ ಇದೆ. ಎರಡೂ ಉಚಿತ, ಮುಕ್ತ ತಂತ್ರಾಂಶಗಳು. ಕಾಪಿ ಮಾಡಿದ್ದನ್ನು ನಿಮ್ಮ ಕಂಪ್ಯೂಟರಿನ ಡಿಸ್ಕಿನಲ್ಲೇ ಬರೆದಿಡುತ್ತವೆ. ಹಿಂದಿನ ವಾರ ಕಾಪಿ ಮಾಡಿದ್ದನ್ನೂ ಒಂದು ಪದ ಕೊಟ್ಟು ಹುಡುಕಬಹುದು.

ಈ ಸಂಚಿಕೆಗೆ ಲೇಖನ ಸಂಗ್ರಹಿಸುವಾಗ ನಡೆದ ಒಂದು ಸಂಗತಿಯನ್ನೂ ಹೇಳಬೇಕು. ನಿವೃತ್ತರಾದ ಗುರುಗಳೊಬ್ಬರು ಚೆಂದದ ಲೇಖನ ಟೈಪ್ ಮಾಡಿಸಿ ಕಳಿಸಿದ್ದರು. ತೆರೆದಾಗ ಕನ್ನಡ. ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ, ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ! ಗುರುಗಳು ಗಾಬರಿಯಾಗಿ, ‘ನಾನೇ ಏನಾದರೂ ಹಾಳು ಮಾಡಿದೆನಾ?’ ಎಂದು ಕೇಳಿದರು.

ಅವರ ತಪ್ಪು ಏನೂ ಇರಲಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ನುಡಿಯ ‘ಕ’ ಎಂದರೆ ಒಳಗೆ ಇಂಗ್ಲಿಷಿನ ‘ಪಿ’ ಜಾಗದಲ್ಲಿ ಅಕ್ಷರದ ಬುಡ, ಗೆರೆ ಹೊತ್ತ ‘ಎ’ ಜಾಗದಲ್ಲಿ ತಲೆಕಟ್ಟು. ನಾವು ಕಾಪಿ ಮಾಡಿದಾಗ ಕ್ಲಿಪ್‌ಬೋರ್ಡಿಗೆ ಒಂದೇ ಬರಹ ಹಲವು ವೇಷದಲ್ಲಿ ಹೋಗುತ್ತದೆ. ಫಾಂಟಿನ ಹೆಸರು, ಬಣ್ಣ ಸಮೇತ ಒಂದು, ಬರೀ ಅಕ್ಷರ ಒಂದು. ವರ್ಡ್‌ನಲ್ಲಿ ಪೇಸ್ಟ್ ಮಾಡಿದರೆ ಮೊದಲಿನದು ಬರುತ್ತದೆ, ಕನ್ನಡ ಕಾಣುತ್ತದೆ. ವಾಟ್ಸಾಪಿಗೆ ಬರೀ ಅಕ್ಷರ ಹೋಗುತ್ತದೆ, ವೇಷ ಕಳಚಿ ಬೀಳುತ್ತದೆ. ಯೂನಿಕೋಡಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ನಮ್ಮ ‘ಕ’ ಅಕ್ಷರಕ್ಕೇ 3221 ಎಂಬ ಸ್ವಂತ ಸಂಖ್ಯೆ ಇದೆ, ಎಲ್ಲಿಗೆ ಹೋದರೂ ಅದು ‘ಕ’. ಕ್ಲಿಪ್‌ಬೋರ್ಡ್ ಮ್ಯಾನೇಜರ್ ಇದನ್ನು ಸರಿಮಾಡಲಾರದು, ಪರಿವರ್ತಕ ತಂತ್ರಾಂಶ ಬೇಕು. ಗುರುಗಳ ಲೇಖನವನ್ನು ಹಾಗೆ ಪರಿವರ್ತಿಸಿಯೇ ಈ ಸಂಚಿಕೆಯಲ್ಲಿ ಹಾಕಿದ್ದೇವೆ. ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿಗೆ ಕನ್ನಡ ಸರಿಯಾಗಿ ಬರಬೇಕು ಎಂದು ಅಷ್ಟೊಂದು ಹಟ ಹಿಡಿದದ್ದು ಏಕೆ ಎಂದು ಅವತ್ತು ನನಗೆ ಚೆನ್ನಾಗಿ ಅರ್ಥವಾಯಿತು. ಇನ್ನು ಮುಂದೆ ಬರೆಯುವ ಮಕ್ಕಳು ದಯವಿಟ್ಟು ಯೂನಿಕೋಡಿನಲ್ಲೇ ಬರೆಯಿರಿ.

ಇಷ್ಟು ಹೊತ್ತು ಉಳಿಸಿಕೊಳ್ಳುವ ಮಾತಾಯಿತು. ಇನ್ನು ಅಳಿಸುವ ಮಾತು. ಇದು ಹೆಚ್ಚು ಮುಖ್ಯ.

ಕಳೆದ ವರ್ಷ ಅಪ್ಪನ ಜೊತೆ ಒಂದು ಅರ್ಜಿ ಹಾಕಿಸಲು ಪೇಟೆಯ ಆನ್‌ಲೈನ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹುಡುಗ ಚುರುಕು. ಕರೆಂಟ್ ಹೋದಾಗ ಮತ್ತೆ ಟೈಪ್ ಮಾಡುವುದು ತಪ್ಪಲಿ ಎಂದು ತಾನಾಗಿಯೇ ಕಲಿತು ಕ್ಲಿಪ್‌ಬೋರ್ಡ್ ಮ್ಯಾನೇಜರ್ ಹಾಕಿಕೊಂಡಿದ್ದ. ಖುಷಿಯಾಯಿತು. ಆದರೆ ಅವನು ಆ ಪಟ್ಟಿ ತೆರೆದಾಗ ಪರದೆಯ ಮೇಲೆ ಬಂದದ್ದು ಹಲವು ದಿನಗಳಿಂದ ಬಂದುಹೋದವರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಯಾರೋ ಮಗುವಿನ ವಿದ್ಯಾರ್ಥಿವೇತನದ ಪಾಸ್‌ವರ್ಡ್. ಅಪ್ಪ ಕನ್ನಡಕ ಸರಿಮಾಡಿಕೊಂಡು, ‘ಎಂತ ಮಾರಾಯ, ನನ್ನ ನಂಬರೂ ಹೀಗೇ ಇಲ್ಲೇ ಕೂರ್ತದಾ?’ ಎಂದು ಕೇಳಿದರು. ಹುಡುಗನ ಮುಖ ಸಣ್ಣದಾಯಿತು. ಅವನಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಬರೆದಿಟ್ಟುಕೊಳ್ಳಲು ಕಲಿತಿದ್ದ, ಒರೆಸಲು ಯಾರೂ ಕಲಿಸಿರಲಿಲ್ಲ. ಇಬ್ಬರೂ ಕೂತು ಹಳೆಯದನ್ನೆಲ್ಲ ಅಳಿಸಿದೆವು. ಒಂದು ದಿನ ದಾಟಿದ್ದು ತಾನಾಗಿ ಅಳಿಯುವ ಹಾಗೆ ಸೆಟ್ಟಿಂಗ್ ಬದಲಿಸಿದೆವು. ಹೊರಡುವಾಗ ಅವನು ಅಪ್ಪನ ಹತ್ತಿರ ಅರ್ಜಿಯ ದುಡ್ಡು ತೆಗೆದುಕೊಳ್ಳಲಿಲ್ಲ. ಅಪ್ಪ ಒತ್ತಾಯ ಮಾಡಿ ಕೊಟ್ಟು ಬಂದರು.

ಎಲ್ಲವನ್ನೂ ಇಳಿಸಿಕೊಳ್ಳುವ ಆ ಹುಡುಗಿಗೆ ಯಾವುದು ಪಾಠ, ಯಾವುದು ಗುಟ್ಟು ಎಂದು ಗೊತ್ತಾಗುವುದಿಲ್ಲ. ಪಾಸ್‌ವರ್ಡ್ ಇಟ್ಟುಕೊಳ್ಳಲೆಂದೇ ಇರುವ ಕೀಪಾಸ್‌ನಂಥ ತಂತ್ರಾಂಶಗಳು ಕಾಪಿ ಮಾಡಿದ್ದನ್ನು ಕೆಲವೇ ಸೆಕೆಂಡುಗಳಲ್ಲಿ ಅಳಿಸುತ್ತವೆ. ಉಳಿದ ಕಡೆ ಆ ಎಚ್ಚರ ನಮ್ಮದೇ.

ಆದ್ದರಿಂದ ಮೂರು ಅಭ್ಯಾಸ ಹೇಳಿ ಮುಗಿಸುತ್ತೇನೆ. ಒಂದು, ನಂಬರು ಯಾವುದೇ ಇರಲಿ, ಪೇಸ್ಟ್ ಮಾಡಿದ ಮೇಲೆ ಕೊನೆಯ ನಾಲ್ಕು ಅಂಕಿಯನ್ನು ಬಾಯಿಬಿಟ್ಟು ಓದಿ. ನಾನು ಇವತ್ತಿಗೂ ಕಚೇರಿಯಲ್ಲಿ ಓದುತ್ತೇನೆ, ಪಕ್ಕದವರು ನಗುತ್ತಾರೆ, ನಗಲಿ. ಎರಡು, ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಕ್ಲಿಪ್‌ಬೋರ್ಡ್ ಪಟ್ಟಿಯನ್ನು ಆನ್ ಮಾಡಿಕೊಳ್ಳಿ, ಪಾಸ್‌ವರ್ಡನ್ನು ಮಾತ್ರ ಎಂದೂ ಪಿನ್ ಮಾಡಬೇಡಿ. ಮೂರು, ಶಾಲೆಯದ್ದಾಗಲಿ ಅಂಗಡಿಯದ್ದಾಗಲಿ, ಹತ್ತು ಜನ ಬಳಸುವ ಕಂಪ್ಯೂಟರಿನಿಂದ ಏಳುವ ಮೊದಲು ಆ ಪಟ್ಟಿ ತೆರೆದು ಎಲ್ಲವನ್ನೂ ಅಳಿಸಿ ಏಳಿ.

ನಾನು ಎಂಟನೇ ತರಗತಿಯಲ್ಲಿದ್ದಾಗ ಇಲ್ಲಿ ಕರಿಹಲಗೆ ಒರೆಸುವ ಸರದಿ ಇತ್ತು. ಸಂಜೆ ಗಂಟೆ ಹೊಡೆದ ಮೇಲೆ ಆ ದಿನದ ಸರದಿಯವರು ಹಲಗೆ ಒರೆಸಿ, ಡಸ್ಟರ್ ಕೊಡವಿಯೇ ಮನೆಗೆ ಹೋಗಬೇಕು. ನಾನು ಎಷ್ಟೋ ಸಲ ಬಸ್ಸು ತಪ್ಪುತ್ತದೆ ಎಂದು ಒರೆಸದೆ ಓಡಿದ್ದೇನೆ. ಆಗಿನ ಆ ಸರದಿಯ ಬೆಲೆ ನನಗೆ ಈಗ ಗೊತ್ತಾಗಿದೆ.

ಊಟದ ನಂತರ ಕಂಪ್ಯೂಟರ್ ಕೊಠಡಿಯಲ್ಲಿ ಇರುತ್ತೇನೆ. ಕೀ ಎಲ್ಲಿದೆ, ಹೇಗೆ ಅಳಿಸುವುದು ಎಂದು ಕೈಯಲ್ಲೇ ಮಾಡಿ ನೋಡೋಣ, ಬನ್ನಿ.