ಲೋಕಕ್ಕೆ ಬೇಡವಾದ ಒಂದು ಕಟ್ಟು

(ಕೂಡ್ಲಿಗಿಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಯಾವ ಯಾವ ವಸ್ತುಗಳು ಇಲ್ಲದಿದ್ದರೆ ಲೋಕವು ಸುಖವಾಗಿರುತ್ತಿತ್ತು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಕೊಟ್ಟಿರುವಿರಿ. ಯುದ್ಧ, ಕ್ಷಾಮ, ಸಾಲ, ಸೆರೆ ಎಂದು ಪಟ್ಟಿಯನ್ನು ಉದ್ದ ಮಾಡುವದು ಸುಲಭ. ದೂರದ ಕೇಡನ್ನು ಬಯ್ಯುವದರಿಂದ ಯಾರ ಮನಸ್ಸೂ ನೋಯದು. ಆದುದರಿಂದ ನಾವು ನಮ್ಮ ಅಂಗಳದ ಕೇಡೊಂದನ್ನೇ ಎತ್ತಿಕೊಳ್ಳುತ್ತೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಹೆಣ್ಣುಮಗುವಿಗೆ ಮುತ್ತು ಕಟ್ಟಿ ಬಸವಿ ಬಿಡುತ್ತ ಬಂದ ಪದ್ಧತಿಯೇ ಅದು.

ಮೊದಲು ಇದರ ಮೂಲವನ್ನು ವಿಚಾರಿಸೋಣ. ಗಂಡುಸಂತಾನವಿಲ್ಲದ ಮನೆಯವರು ಒಬ್ಬ ಮಗಳನ್ನು ದೇವರ ಹೆಸರಿಗೆ ಬಿಟ್ಟರೆ, ಅವಳು ತವರಿನಲ್ಲಿಯೇ ಉಳಿದು, ಮಗನಂತೆ ಆಸ್ತಿಗೆ ವಾರಸುದಾರಳಾಗಿ, ಹೆತ್ತವರ ಉತ್ತರಕ್ರಿಯೆಯನ್ನೂ ಮಾಡಬಹುದಾಗಿತ್ತು. ಬಳ್ಳಾರಿ ಸೀಮೆಯ ಈ ರೂಢಿಯನ್ನು ಕುರಿತು ಫಾಸೆಟ್ ಎಂಬ ಆಂಗ್ಲ ಅಧಿಕಾರಿಯು 19ನೆಯ ಶತಮಾನದ ಕೊನೆಯಲ್ಲಿಯೇ ಬರೆದಿಟ್ಟಿದ್ದಾನೆ. ಕೇಳುವವರಿಗೆ ಇದು ಹೆಣ್ಣಿಗೆ ಕೊಟ್ಟ ಹಿರಿಮೆಯೆಂದೇ ತೋರೀತು. ಆದರೆ ಆ ಹಿರಿಮೆಗೆ ತೆತ್ತ ಬೆಲೆಯೇನು? ಅವಳಿಗೆ ಮದುವೆಯಿಲ್ಲ, ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ, ಮುಪ್ಪಿನಲ್ಲಿ ಕೈ ಹಿಡಿಯುವವರಿಲ್ಲ. ಅದೂ ಹೆಚ್ಚಾಗಿ ನಡೆದದ್ದು ಯಾರ ಮನೆಯಲ್ಲಿ? ಅಂಗೈಯಗಲ ಹೊಲವೂ ಇಲ್ಲದ ದಲಿತರ ಮನೆಗಳಲ್ಲಿ. ಆಸ್ತಿಯೇ ಇಲ್ಲದಲ್ಲಿ ವಾರಸಿನ ಮಾತೆಲ್ಲಿಯದು? ಬಡವರ ಮಗಳ ಮೇಲೆ ಉಳ್ಳವರ ಸಲಿಗೆಯೊಂದೇ ಉಳಿಯಿತು.

ಇದು ದೇವರ ಕಾರ್ಯವೆನ್ನುವವರುಂಟು. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಗುಡ್ಡವನ್ನೇರುವ ಸಾವಿರಾರು ಜನರ ಭಕ್ತಿಗೆ ನಮ್ಮ ನಮಸ್ಕಾರವಿರಲಿ. ಆದರೆ ತಾಯಿಯೆಂದು ಕರೆಸಿಕೊಳ್ಳುವ ದೇವತೆಯು ಮಗಳ ಬಾಳನ್ನು ಬೇಡುವಳೇ?

ಇನ್ನು ಕಾಯಿದೆಯ ಮಾತು. ಅದು ನಮ್ಮ ಕಸಬು. ಕನ್ನಡ ನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಮುಂಬಯಿ ಪ್ರಾಂತವು 1934ರಲ್ಲಿಯೇ ದೇವದಾಸಿಯರ ರಕ್ಷಣೆಯ ಕಾಯಿದೆಯನ್ನು ಮಾಡಿತು. ಮದರಾಸು ಪ್ರಾಂತದಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ವರ್ಷಗಟ್ಟಲೆ ಹೋರಾಡಿದರೂ ಬಸವಿ ಬಿಡುವದನ್ನೇ ತಡೆಯುವ ಕಾಯಿದೆ ಹುಟ್ಟಿದ್ದು 1947ರಲ್ಲಿ. ನಮ್ಮ ತಾಲೂಕುಗಳು ಆಗ ಮದರಾಸಿಗೆ ಸೇರಿದ್ದವು. ಹೀಗಾಗಿ 13 ವರ್ಷಗಳ ಕಾಲ, ತುಂಗಭದ್ರೆಯ ಆಚೆಯ ಧಾರವಾಡ ಜಿಲ್ಲೆಯಲ್ಲಿ ಅಪರಾಧವಾದದ್ದು ಈಚೆಯ ಹಡಗಲಿಯಲ್ಲಿ ರೂಢಿಯೆನಿಸಿಕೊಂಡಿತು. ಹೊಳೆ ಒಂದೇ, ನುಡಿ ಒಂದೇ. ಮಗಳಿಗೆ ಮಾತ್ರ ಎರಡು ನ್ಯಾಯ! 1953ರ ಅಕ್ಟೋಬರ್ 1ರಂದು ಈ ಸೀಮೆ ಮೈಸೂರನ್ನು ಸೇರಿತು. 1956ರಲ್ಲಿ ನಾಡು ಒಂದಾಯಿತು. 1982ರಲ್ಲಿ ಇಡೀ ಕರ್ನಾಟಕಕ್ಕೆ ಒಂದೇ ಕಾಯಿದೆಯಾಗಿ, ಮಗಳನ್ನು ಬಿಟ್ಟ ಹೆತ್ತವರಿಗೆ 5 ವರ್ಷಗಳವರೆಗೆ ಸೆರೆಯೆಂದು ವಿಧಿಸಿತು.

ನೆಲ ಒಂದಾಯಿತು, ಕಾಯಿದೆ ಒಂದಾಯಿತು. ಕಟ್ಟು ಮಾತ್ರ ಪೂರ್ತಿ ಬಿಚ್ಚಲಿಲ್ಲ. ಸರಕಾರವು ರಾಜ್ಯದಲ್ಲಿ 1993–94ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 22,873 ಮಂದಿ ಕಂಡುಬಂದರು. 2007–08ರಲ್ಲಿ ಮತ್ತೆ 23,787 ಮಂದಿ ಸೇರಿ, ಒಟ್ಟು 46,660 ಆಯಿತು. ಬಯಲಿನಲ್ಲಿ ನಡೆಯುತ್ತಿದ್ದದ್ದು ಮನೆಯ ಮೂಲೆಯಲ್ಲಿ ಗುಟ್ಟಾಗಿ ನಡೆಯತೊಡಗಿದರೆ ಕಾಯಿದೆಯೇನು ಮಾಡೀತು? ಮಾಡಿದವರು ಹೆತ್ತವರು, ಅವರು ಹೇಳರು. ಬಿಡಿಸಿಕೊಂಡದ್ದು ಮಗು, ಅದು ಅರಿಯದು. ಹಾಗಾದರೆ ಸಾಕ್ಷಿ ಯಾರು? ಕಂಡ ನೆರೆಹೊರೆಯವರು, ಎಂದರೆ ಇಲ್ಲಿ ಕುಳಿತ ನಾವು. ಈ ಕೇಡು ಬದುಕಿ ಬಂದದ್ದು ನಮ್ಮ ಮೌನವನ್ನುಂಡು.

ವಾರಸಿನ ನೆವವಾದರೂ ಇಂದು ಉಳಿದಿದೆಯೇ? ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟಿತು. ಪಿತ್ರಾರ್ಜಿತದಲ್ಲಿ ಮಗನಿಗಿರುವ ಹಕ್ಕನ್ನು 2005ರ ತಿದ್ದುಪಡಿಯು ಮದುವೆಯಾದ ಮಗಳಿಗೂ ಕೊಟ್ಟಿತು. ಮಗನ ಪಾಲು ಪಡೆಯಲು ಅವಳು ಬಸವಿಯಾಗಬೇಕಿಲ್ಲ, ಮಗಳಾಗಿದ್ದರೆ ಸಾಕು. ದೇವದಾಸಿಯರ ಮಕ್ಕಳು ತಮ್ಮ ತಂದೆ ಯಾರೆಂದು ಕೇಳುವ ಹಕ್ಕನ್ನೂ 2025ರಲ್ಲಿ ನಮ್ಮ ವಿಧಾನಸಭೆ ಎತ್ತಿಹಿಡಿಯಿತು. ಇಷ್ಟು ಕಾಲ ತಾಯಿಯೊಬ್ಬಳೇ ಹೊತ್ತ ಹೊರೆಯ ಪಾಲುದಾರನನ್ನು ಹೆಸರಿಡಿದು ಕರೆಯುವ ದಾರಿ ಅದು.

ಮಹಾಜನರೇ, ನಮ್ಮ ಕೋರಿಕೆ ಮೂರೇ. ಮೊದಲನೆಯದು, ಇಂಥ ಸುಳಿವು ಕಿವಿಗೆ ಬಿದ್ದ ದಿನವೇ ಠಾಣೆಗಾಗಲಿ, ಮಕ್ಕಳ ಸಹಾಯವಾಣಿ 1098ಕ್ಕಾಗಲಿ ತಿಳಿಸಿರಿ; ಮುತ್ತು ಕಟ್ಟಿದ ಮೇಲೆ ಮರುಗಿ ಫಲವಿಲ್ಲ. ಎರಡನೆಯದು, ಈಗಾಗಲೇ ಬಸವಿಯಾಗಿ ನೊಂದ ತಾಯಿಯನ್ನು ಹೀನವಾಗಿ ಕಾಣಬೇಡಿರಿ; ಅವಳ ಮಗಳಿಗೆ ಶಾಲೆಯಲ್ಲಿ, ಅವಳ ಮಗನಿಗೆ ಮದುವೆಯ ಮನೆಯಲ್ಲಿ ಸಮನಾದ ಮಣೆ ಹಾಕಿರಿ. ಮೂರನೆಯದು ನಮ್ಮ ವಕೀಲ ಬಾಂಧವರಿಗೆ: ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟರಿಗೂ 1987ರ ಕಾಯಿದೆಯಂತೆ ಕಾನೂನಿನ ನೆರವು ಉಚಿತ. ಅದು ಕಾಗದದಲ್ಲಿ ಉಳಿಯದಂತೆ ಹಳ್ಳಿಗೆ ನಾವೇ ನಡೆದು ಹೋಗೋಣ.

ಯುದ್ಧವನ್ನು ನಿಲ್ಲಿಸುವದು ನಮ್ಮ ಕೈಯಲ್ಲಿಲ್ಲ. ಈ ಕಟ್ಟನ್ನು ಬಿಚ್ಚುವದು ನಮ್ಮ ಕೈಯಲ್ಲಿದೆ. ಮಕ್ಕಳಲ್ಲಿ ಒಬ್ಬಳನ್ನೂ ಬಿಟ್ಟುಕೊಡದಿದ್ದರೆ ಮಾತ್ರ ಒಂದಾದ ನಾಡು ಒಂದು ಮನೆಯಾದೀತು.