ಬರುವವರಿಗೆ ಸ್ವಾಗತ, ಹಣಕ್ಕೆ ಲೆಕ್ಕ



ವಿದೇಶದಲ್ಲಿರುವ ನಮ್ಮ ಬಂಧುಗಳ ಮಕ್ಕಳು ರಜೆಯಲ್ಲಿ ಕುಂಸಿಗೆ ಬಂದು ಪಾಠ ಹೇಳುತ್ತೇವೆ, ಅಲ್ಲಿ ಚಂದಾ ಎತ್ತಿ ತರುತ್ತೇವೆ ಎನ್ನುತ್ತಿದ್ದಾರೆ. ಸಂತೋಷ. ಆದರೆ ಹಣದ ಮಾತು ಮೊದಲಾಗಲಿ. ಭಾರತೀಯ ಪೌರರು ಅಲ್ಲಿಂದ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ತೊಡಕಿಲ್ಲ. ಬೇರೆ ದೇಶದ ಪೌರರು, ಓಸಿಐ ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆ. 2010ರ ಕಾಯ್ದೆಯಂತೆ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಟ್ರಸ್ಟ್ ಅದನ್ನು ಪಡೆಯುವಂತಿಲ್ಲ. ನಮಗೆ ಆ ನೋಂದಣಿ ಇಲ್ಲ. ಇದ್ದವರಿಗೂ 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು. ಸೂಟ್‌ಕೇಸಿನಲ್ಲಿ ತಂದು ಪ್ರೀತಿಯಿಂದ ಕೈಗಿಟ್ಟರೂ ಕಾನೂನು ಅದೇ. ಒಂದು ತಪ್ಪು ಜಮೆಯಿಂದ ಇಷ್ಟು ಮಕ್ಕಳ ವಿದ್ಯಾರ್ಥಿವೇತನಕ್ಕೆ ಕುತ್ತು ಬಂದೀತು.

ಇನ್ನು ಪ್ರಯಾಣ. ಟಿಕೆಟ್ ಅವರವರ ಜೇಬಿನಿಂದ. ಝಕಾತ್ ಬಡ ಮಕ್ಕಳದ್ದು. ಇ-ಟೂರಿಸ್ಟ್ ವೀಸಾದಲ್ಲಿ ಸಂಬಳವಿಲ್ಲದ ಸೇವೆಯನ್ನು ಹೆಚ್ಚೆಂದರೆ ಒಂದು ತಿಂಗಳು ಮಾಡಬಹುದು. ಮೇ ತಿಂಗಳಲ್ಲಿ ಬಂದರೆ ಶಾಲೆಗೆ ಬೀಗ. ಗಲ್ಫಿನ ರಜೆ ಜುಲೈ, ಆಗಸ್ಟ್. ಆಗ ನಮ್ಮಲ್ಲಿ ತರಗತಿ ನಡೆಯುತ್ತಿರುತ್ತದೆ, ಮಲೆನಾಡಿನ ಮಳೆಯೂ ಇರುತ್ತದೆ, ಕೊಡೆ ಮರೆಯಬಾರದು. ಶಿವಮೊಗ್ಗ-ತಾಳಗುಪ್ಪ ಮಾರ್ಗದಲ್ಲಿ ಕುಂಸಿಗೂ ರೈಲು ನಿಲ್ದಾಣವಿದೆ. ಹೊರಡುವ ಮೊದಲು ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ, ಉರ್ದು ಮಾಧ್ಯಮವೋ ಕನ್ನಡ ಮಾಧ್ಯಮವೋ, ಗಣಿತ ಯಾವ ಪಾಠಕ್ಕೆ ಬಂದಿದೆ ಎಂದು ಕೇಳಿಕೊಂಡು ಬರಲಿ.