ಐವತ್ತನಾಲ್ಕರಲ್ಲಿ ಅಕ್ಷರಾಭ್ಯಾಸ

ಅಪಸ್ಮಾರವು ದೇವತೆಗಳ ಕೋಪದಿಂದ ಬರುವ ವ್ಯಾಧಿಯೆಂದು ಪ್ರಾಚೀನ ಗ್ರೀಕರಲ್ಲಿ ಬಹುಮಂದಿ ನಂಬಿದ್ದರು. ಮಾಂತ್ರಿಕರು ಮಂತ್ರ ಹಾಕಿ, ಶುದ್ಧಿ ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಇವರನ್ನು ಖಂಡಿಸಿ ಅಲ್ಲಿನ ವೈದ್ಯನೊಬ್ಬನು ಬರೆದ ಗ್ರಂಥವು ಹಿಪೊಕ್ರೆಟಿಸನ ಹೆಸರಿನ ಗ್ರಂಥಸಮೂಹದಲ್ಲಿ ಸೇರಿ ನಮ್ಮವರೆಗೂ ಬಂದಿದೆ. ಅಪಸ್ಮಾರವೂ ಉಳಿದ ರೋಗಗಳಂತೆಯೇ ಒಂದು ರೋಗ. ಕಫವು ನಾಳಗಳನ್ನು ತಡೆದು ಮಿದುಳನ್ನು ಕೆಡಿಸುವುದೇ ಅದಕ್ಕೆ ಕಾರಣ ಎಂಬುದು ಆತನ ವಾದ.

ಕಫದ ಮಾತು ನಿಲ್ಲಲಿಲ್ಲ. ಅದಕ್ಕೆ ಆತನಲ್ಲಿ ತಕ್ಕ ಪ್ರಮಾಣವೂ ಇರಲಿಲ್ಲ. ಹಾಗಾದರೆ ಆತನಿಗೂ ಮಾಂತ್ರಿಕನಿಗೂ ಭೇದವೇನೆಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ಬೆನ್ನುಹತ್ತಿದವರು ಸರ್ ಜೆಫ್ರಿ ಲಾಯ್ಡ್. 1933ರಲ್ಲಿ ಜನಿಸಿದ ಇವರು 1983ರಿಂದ 2000ದವರೆಗೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ತತ್ತ್ವಶಾಸ್ತ್ರ ಮತ್ತು ವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ವೈದ್ಯನು ಎದುರಾಳಿಯ ಮಾತನ್ನು ಬಹಿರಂಗವಾಗಿ ಪರೀಕ್ಷಿಸಿ, ಕಾರಣ ಕೊಟ್ಟು ವಾದಿಸಿದನು, ಅದೇ ಭೇದ. ಈ ಅಭ್ಯಾಸ ಬಂದುದೆಲ್ಲಿಂದ? ಗ್ರೀಕರ ನಗರರಾಜ್ಯಗಳ ಸಭೆ, ನ್ಯಾಯಸ್ಥಾನಗಳಲ್ಲಿ ಪೌರರು ವಾದ ಪ್ರತಿವಾದಗಳನ್ನು ಕೇಳಿ ಪಳಗಿದ್ದರು. ಅಲ್ಲಿಂದಲೇ ಅದು ಶಾಸ್ತ್ರಗಳಿಗೂ ಹಬ್ಬಿತೆಂದು ಲಾಯ್ಡರು 1979ರ ತಮ್ಮ ಗ್ರಂಥದಲ್ಲಿ ನಿರೂಪಿಸಿದರು.

ಇಷ್ಟಕ್ಕೇ ನಿಂತಿದ್ದರೂ ಅವರ ಕೀರ್ತಿಗೆ ಕೊರತೆಯಿರಲಿಲ್ಲ. ಆದರೆ ಒಂದೇ ನಾಡನ್ನು ನೋಡಿ ಹೇಳಿದ ಕಾರಣವು ಕಾರಣವೇ ಹೌದೆಂದು ತಿಳಿಯುವುದು ಹೇಗೆ? 1987ರಲ್ಲಿ ಉಪನ್ಯಾಸಗಳಿಗೆಂದು ಚೀನಾಕ್ಕೆ ಹೋಗಿಬಂದ ಮೇಲೆ, 54ರ ವಯಸ್ಸಿನಲ್ಲಿ, ಅವರು ಪ್ರಾಚೀನ ಚೀನೀ ಭಾಷೆಯನ್ನು ಕಲಿಯತೊಡಗಿದರು. ಚೀನೀ ವಿಜ್ಞಾನದ ಇತಿಹಾಸಜ್ಞರಾದ ನೇಥನ್ ಸಿವಿನ್ನರೊಡನೆ ಬರೆದ ಗ್ರಂಥ 2002ರಲ್ಲಿ ಹೊರಬಂದಿತು.

ಗ್ರೀಕ್ ವಿದ್ವಾಂಸನ ಎದುರಿಗಿದ್ದವನು ಪ್ರತಿವಾದಿ. ಚೀನೀ ವಿದ್ವಾಂಸನ ಎದುರಿಗಿದ್ದವನು ಬಹುಮಟ್ಟಿಗೆ ಅರಸ. ಅದರಿಂದ ಒಬ್ಬನು ಅಲ್ಲಗಳೆಯಲಾಗದ ಸಾಧನೆಯನ್ನು ಹುಡುಕಿದ, ಇನ್ನೊಬ್ಬನು ಸಮ್ಮತಿಯನ್ನು ಹುಡುಕಿದ. ಎರಡಕ್ಕೂ ಲಾಭನಷ್ಟಗಳುಂಟು. ಚೀನಾದಲ್ಲಿ ರಾಜಾಧಿಕಾರಿಗಳು ತಲೆತಲಾಂತರದಿಂದ ಆಕಾಶವನ್ನು ವೀಕ್ಷಿಸಿ ದಾಖಲೆಯಿಟ್ಟರು. ಒಬ್ಬರ ಮಾತನ್ನೊಬ್ಬರು ಒಪ್ಪದ ಗ್ರೀಕರಿಗೆ ಅಂತಹ ಏರ್ಪಾಡು ಇರಲಿಲ್ಲ. ಗ್ರೀಕರ ದಾರಿಯೊಂದೇ ವಿಜ್ಞಾನದ ದಾರಿಯೆಂಬ ಮಾತು ಇನ್ನು ಸಲ್ಲದು.

ನಮ್ಮ ಶಾಸ್ತ್ರಕಾರರು ಪರರ ಮತವನ್ನು ಪೂರ್ವಪಕ್ಷವಾಗಿಟ್ಟು, ಆಮೇಲೆ ತಮ್ಮ ಸಿದ್ಧಾಂತವನ್ನು ಹೇಳುತ್ತಾರೆ. ಲಾಯ್ಡರಾದರೋ ತಮ್ಮ ಸಿದ್ಧಾಂತವನ್ನೇ ಪೂರ್ವಪಕ್ಷವಾಗಿಟ್ಟು ನೋಡಿದರು. ನಿಮಗೆ ದೃಢವೆಂದು ತೋರಿರುವ ಯಾವುದಾದರೂ ಒಂದು ತೀರ್ಮಾನವನ್ನು ನೀವೂ ಹೀಗೆ ಎದುರಿಗಿಟ್ಟುಕೊಂಡು ನೋಡಿ. ಅದಕ್ಕಾಗಿ ಹೊಸ ಲಿಪಿಯನ್ನೇ ತಿದ್ದಬೇಕಾಗಿ ಬಂದರೂ, ವಯಸ್ಸು ಮೀರಿತೆಂದು ಹಿಂಜರಿಯಬೇಡಿ.